ಕಳ್ಳಿ ಕಿತ್ತ ದಿಬ್ಬ

ವನಿತಾ ಹೊಡೆದ ಏಟಿಗೆ ರಾಣಿಯ ಕಿವಿಯೋಲೆ ಕಳಚಿ ಮಣ್ಣಿಗೆ ಬಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿ. ಅಳಲಿಲ್ಲ, ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಹೊಡೆದ ಮಿಸ್ಸಿನ ಮುಖವನ್ನೇ ನೋಡುತ್ತ ನಿಂತುಕೊಂಡಳು.

"ಕೀಳೇ," ಅಂದಳು ವನಿತಾ.

"ಕೀಳಲ್ಲ ಮಿಸ್."

"ಎಲ್ರೂ ಕೀಳ್ತಿಲ್ವಾ? ನಿಂಗೊಬ್ಬಳಿಗೆ ಏನ್ ಧಾಡಿ?"

"ಇದು ನಮ್ಮಮ್ಮನ ಗುಣಿ."

ಅಲ್ಲಿದ್ದದ್ದು ಎದೆಯೆತ್ತರದ ಪಾಪಾಸುಕಳ್ಳಿ. ಅದರ ಬುಡದಲ್ಲಿ ಮಣ್ಣು ಒಂದಿಷ್ಟು ಉಬ್ಬಿಕೊಂಡಿತ್ತು. ಗೊತ್ತಿಲ್ಲದವರಿಗೆ ಅದು ಬರೀ ದಿಣ್ಣೆ. ಹುಣಸೆಕುಂಟೆ ಕೇರಿಯವರಿಗೆ ಅದು ಹೆಣ ಹೂತ ಗುಣಿ. ಕೋಗಿಲು ದಾಟಿ ಒಳಕ್ಕೆ ಬಂದರೆ ಒಂದು ನೀರಿನ ಕುಂಟೆ, ಕುಂಟೆಯ ಏರಿಗೆ ಆತುಕೊಂಡು ಒಂದು ದಿಬ್ಬ, ದಿಬ್ಬದ ತುಂಬ ಕೇರಿಯ ಸತ್ತವರು. ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಲು ಊರಿನವರು ಕೇರಿಯವರನ್ನು ಯಾವ ಕಾಲಕ್ಕೂ ಬಿಟ್ಟಿರಲಿಲ್ಲ. ಅದಕ್ಕೇ ಕಳ್ಳಿ. ಹೆಣವನ್ನು ಮಣ್ಣು ಮಾಡಿದ ದಿನವೇ, ಸತ್ತವರ ಹೆತ್ತವರ ಗುಣಿಯ ಮೇಲಿನ ಕಳ್ಳಿಯಿಂದ ಒಂದು ಎಲೆ ಮುರಿದು ತಂದು ಹೊಸ ಗುಣಿಯ ತಲೆಯ ಕಡೆಗೆ ನೆಡುವುದು ಅಲ್ಲಿಯ ಪದ್ಧತಿ. ಮುಳ್ಳಿಗೆ ಹೆದರಿ ನಾಯಿಗಳು ಕೆರೆಯುವುದಿಲ್ಲ. ಯಾವ ಕಳ್ಳಿ ಯಾವುದರಿಂದ ಬಂತು ಎಂದು ಕೇಳಿದರೆ ಕೇರಿಯ ಹೆಂಗಸರು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದರು.

ಇದು ವನಿತಾಗೆ ಗೊತ್ತಿರಲಿಲ್ಲವೇ? ಗೊತ್ತಿಲ್ಲದೆ ಏನು. ಅವಳು ಹುಟ್ಟಿದ್ದು ಅದೇ ಕೇರಿಯಲ್ಲಿ. ಬಿ.ಎಡ್. ಮುಗಿಸಿ, ತಾನು ಓದಿದ ಸರ್ಕಾರಿ ಹೈಸ್ಕೂಲಿಗೇ ವಿಜ್ಞಾನದ ಅತಿಥಿ ಶಿಕ್ಷಕಿಯಾಗಿ ಹೋದವಳು. ಅತಿಥಿ ಎಂದರೆ ಮಣೆ ಹಾಕಿ ಕೂರಿಸುವ ಅತಿಥಿಯಲ್ಲ. ವರ್ಷವರ್ಷವೂ ಕೈಕಟ್ಟಿ ನಿಂತು, ಈ ಸಲವೂ ನನ್ನನ್ನೇ ತೆಗೆದುಕೊಳ್ಳಿ ಎಂದು ಕೇಳಬೇಕಾದ ಅತಿಥಿ. ಹೊಡೆಯುವಾಗ ಅವಳು ಹೆದರಿದ್ದಳು. ಸ್ವಲ್ಪ ದೂರದಲ್ಲೇ ಪ್ರಿಯಂವದಾ ಮೇಡಂ ಮೊಬೈಲು ಹಿಡಿದುಕೊಂಡು ನಿಂತಿದ್ದಳು. ಕುಂಟೆಯ ಆಚೆ ದಡದ ಲೇಔಟಿನವರು ಕಟ್ಟಿಕೊಂಡ ಕೆರೆ ಸಮಿತಿಯ ತರಬೇತಿ ಮೇಡಂ ಅವಳು. ಶನಿವಾರ ಶನಿವಾರ ಮಕ್ಕಳಿಗೆ ಜೀವವೈವಿಧ್ಯ ಕಲಿಸುವುದು ಅವಳ ಕೆಲಸ. ಕಲಿಕೆಗೆ ಆರಿಸಿಕೊಂಡ ಜಾಗ ಈ ದಿಬ್ಬ.

ಜಾಗ ತೋರಿಸಿದವಳು ವನಿತಾ. ಕೇರಿಯವರನ್ನು ಒಪ್ಪಿಸಿದವಳೂ ಅವಳೇ.

ಹಿಂದಿನ ಬೇಸಿಗೆಯಲ್ಲಿ ಸೈಟು ಮಾರುವವರು ಟ್ರ್ಯಾಕ್ಟರಿನಲ್ಲಿ ಕಲ್ಲುಕಂಬ ತಂದು ದಿಬ್ಬದ ಸುತ್ತ ನಿಲ್ಲಿಸಿದ್ದರು. ಕೇರಿಯವರು ಕಿತ್ತೆಸೆದರು. ಅವರು ಮತ್ತೆ ನಿಲ್ಲಿಸಿದರು. ಕೇರಿಯ ಇಬ್ಬರು ಹುಡುಗರ ಕಾಲು ಮುರಿಯಿತು, ಅವರ ಮೇಲೇ ಕೇಸೂ ಬಿತ್ತು. ಆಗ ವನಿತಾಗೆ ಒಂದು ಉಪಾಯ ಹೊಳೆಯಿತು. ಓದಿದವಳಲ್ಲವೇ. ಆ ವಾರವಷ್ಟೇ ಮಕ್ಕಳಿಗೆ ಸಂರಕ್ಷಣೆಯ ಪಾಠ ಮಾಡಿ ಮುಗಿಸಿದ್ದಳು. ಕೇರಿಯ ಯಜಮಾನ ಮುನಿಆಂಜಿನಪ್ಪ ಅವಳಿಗೆ ಚಿಕ್ಕಪ್ಪ ಆಗಬೇಕು. ಅವನ ಮನೆಯ ಜಗಲಿಯ ಮೇಲೆ ಕೂತು ಹೇಳಿದಳು.

"ಸ್ಮಶಾನ ಅಂದ್ರೆ ನುಂಗಕ್ಕೆ ಯಾರೂ ಎದ್ರಲ್ಲ ಚಿಕ್ಕಪ್ಪ. ಅದೇ ಕಾಡು ಅಂತ ಒಂದ್ ಬೋರ್ಡ್ ಬೀಳ್ಲಿ. ಸ್ಕೂಲ್ ಮಕ್ಳು ಬರ್ಲಿ, ಪೇಪರ್‌ನಾಗೆ ಫೋಟೋ ಬರ್ಲಿ. ಆಮೇಲೆ ಯಾವನು ಸೈಟ್ ಮಾಡ್ತಾನೆ ನೋಡೋಣ."

"ನಮ್ ಸತ್ತೋರ್ ಎದೆ ಮ್ಯಾಲೆ ಗಿಡ ನೆಡ್ತಾರೇನಮ್ಮ?"

"ಮಧ್ಯ ಮಧ್ಯ ನೆಡ್ತಾರೆ. ಗುಣಿ ಮುಟ್ಟಲ್ಲ. ನಾನ್ ಇರ್ತೀನಲ್ಲ ಅಲ್ಲಿ."

ಮುನಿಆಂಜಿನಪ್ಪ ಬೀಡಿ ಸೇದಿ ಮುಗಿಸಿ ತುಂಡನ್ನು ಹೊಸಕಿದ. ಆಮೇಲೆ, "ನೀನ್ ಇರ್ತೀಯಾ ಅಂದ್ರೆ ಆಗ್ಲಿ," ಅಂದ. ಇಡೀ ಕೇರಿ ಅವಳ ಒಂದು ಮಾತಿನ ಮೇಲೆ ಸತ್ತವರನ್ನು ಒಪ್ಪಿಸಿಬಿಟ್ಟಿತು.

ಸಮಿತಿಯ ಅಧ್ಯಕ್ಷ ಸೇತುರಾಮ ದೊಡ್ಡ ಹುದ್ದೆಯಿಂದ ರಿಟೈರಾದ ಮನುಷ್ಯ. ಬಿಳಿ ಕೂದಲು, ಬಿಳಿ ಶೂ, ಬೆಳಗಿನ ವಾಕಿಂಗು. ವನಿತಾ ಅವನಿಗೂ ಹೇಳಿದ್ದಳು, ಸಾರ್, ಅಲ್ಲಿ ನಮ್ಮವರ ಗುಣಿಗಳಿವೆ ಎಂದು. "ಗೊತ್ತಮ್ಮಾ ಗೊತ್ತು. ನಾವು ರೆಸ್ಪೆಕ್ಟ್ ಮಾಡ್ತೀವಿ," ಅಂದಿದ್ದ. ಕುರ್ಚಿ ಕೊಟ್ಟು ಕೂರಿಸಿ, ಕಾಫಿ ಮಾತ್ರ ಕಾಗದದ ಲೋಟದಲ್ಲಿ ಕೊಟ್ಟಿದ್ದ. ತನ್ನ ಕಾಫಿಯನ್ನು ಪಿಂಗಾಣಿ ಕಪ್ಪಿನಲ್ಲಿ ಕುಡಿದ. ವನಿತಾ ಅದನ್ನು ನೋಡಿಯೂ ನೋಡದ ಹಾಗೆ ಕುಡಿದು ಬಂದಿದ್ದಳು.

ಈಗ ದಿಬ್ಬದ ಮೇಲೆ ಎರಡು ಶಾಲೆಯ ಮಕ್ಕಳಿದ್ದರು. ಲೇಔಟಿನ ಕಾನ್ವೆಂಟಿನವರಿಗೆ ಹಳದಿ ಗ್ಲೌಸು, ಟೋಪಿ, ಕೈಗೊಂದು ಸಸಿ. ಸರ್ಕಾರಿ ಹೈಸ್ಕೂಲಿನವರಿಗೆ ಗುದ್ದಲಿ, ಬರಿಗೈ.

"ಗ್ಲೌಸ್ ಇವರಿಗಿಲ್ವಾ ಮೇಡಂ?" ಎಂದು ವನಿತಾ ಮೊದಲೇ ಕೇಳಿದ್ದಳು.

"ಅಯ್ಯೋ, ಕೌಂಟ್ ಕಮ್ಮಿ ಆಗೋಯ್ತು. ನಿಮ್ಮ ಮಕ್ಕಳು ಸ್ಟ್ರಾಂಗ್ ಇದಾರೆ ಬಿಡಿ, ಅಭ್ಯಾಸ ಇರುತ್ತಲ್ಲ," ಅಂದಿದ್ದಳು ಪ್ರಿಯಂವದಾ. ಆಮೇಲೆ ಮೆಗಾಫೋನು ಹಿಡಿದು ಪಾಠ ಮಾಡಿದಳು. ಈ ಕಳ್ಳಿ ನಮ್ಮ ನಾಡಿನದಲ್ಲ ಮಕ್ಕಳೇ. ಹೊರದೇಶದಿಂದ ಬಂದಿದ್ದು. ಇದು ಇರೋ ಕಡೆ ನಮ್ಮ ಗಿಡಗಳು ಬದುಕೋಕಾಗಲ್ಲ. ಸೋ, ಮೊದಲು ಇದನ್ನ ಬೇರು ಸಮೇತ ತೆಗೀಬೇಕು. ಪಾಠದಲ್ಲಿ ತಪ್ಪೇನೂ ಇರಲಿಲ್ಲ. ವನಿತಾ ಕ್ಲಾಸಿನಲ್ಲಿ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದಳು. ಕೀಳಿಸುವುದು ದಿಬ್ಬದ ಕಳ್ಳಿಯನ್ನೇ ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

"ಏನ್ ಪ್ರಾಬ್ಲಂ ವನಿತಾ ಅವರೇ?" ಪ್ರಿಯಂವದಾ ಹತ್ತಿರ ಬಂದಳು. "ಆ ಹುಡುಗಿ ಯಾಕೆ ಸುಮ್ನೆ ನಿಂತಿದಾಳೆ?"

ಆಗಲೇ ಬಾಯಿ ಬಿಡಬಹುದಿತ್ತು. ಇದು ಅವಳ ತಾಯಿಯ ಗುಣಿ ಮೇಡಂ, ಏರ್‌ಪೋರ್ಟ್ ರೋಡಿನಲ್ಲಿ ಕಸ ಗುಡಿಸುವಾಗ ಕಾರು ಗುದ್ದಿ ಸತ್ತವಳು, ಗುದ್ದಿದವನು ಕಾರು ನಿಲ್ಲಿಸಲೂ ಇಲ್ಲ, ಎಂದು ಹೇಳಬಹುದಿತ್ತು. ಕೆಲಸ ನಿಂತರೆ ಸಮಿತಿ ಹೋಗುತ್ತದೆ, ಸಮಿತಿ ಹೋದರೆ ಸೈಟಿನವರು ಬರುತ್ತಾರೆ ಎಂದು ವನಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಣ್ಣೊಳಗಿನವರು ಉಳಿದರೆ ಸಾಕು, ಮೇಲಿನ ಮುಳ್ಳು ಹೋದರೆ ಹೋಗಲಿ ಅಂದುಕೊಂಡಳು.

"ಏನಿಲ್ಲ ಮೇಡಂ. ನಾನ್ ಕೀಳಿಸ್ತೀನಿ," ಅಂದಳು.

ಗುದ್ದಲಿ ತೆಗೆದುಕೊಂಡು ನಾಲ್ಕು ಗುಣಿ ಆಚೆಗೆ ಹೋದಳು. ಅದು ಅವಳಪ್ಪ ಸೊಣ್ಣಪ್ಪನ ಗುಣಿ. ಬದುಕಿರುವವರೆಗೂ ಊರಿನವರ ಸತ್ತ ದನ ಎಳೆದವನು. ಮಗಳ ಕೈಗೆ ಆ ವಾಸನೆ ತಾಗಬಾರದೆಂದು ಓದಿಸಿದವನು. ವನಿತಾ ಕಳ್ಳಿಯ ಬುಡಕ್ಕೆ ಗುದ್ದಲಿ ಹಾಕಿದಳು. ಒಂದೇಟು, ಎರಡೇಟು. ಕಳ್ಳಿ ಅಲ್ಲಾಡಿತು. ಬರಿಗೈಯಲ್ಲಿ ಹಿಡಿದು ಜಗ್ಗಿದಳು. ಅಂಗೈಯೊಳಕ್ಕೆ ಮುಳ್ಳು ಇಳಿಯಿತು. ಕಣ್ಣಿಗೆ ಕಾಣದ ಸಣ್ಣ ಮುಳ್ಳುಗಳು ಬೆರಳಸಂದಿಗೆಲ್ಲ ಹೊಕ್ಕವು. ಬೇರು ಸಮೇತ ಬಂತು. ಬೇರಿನ ಜೊತೆ ಅಪ್ಪನ ಮೇಲಿನ ಮಣ್ಣೂ ಬಂತು.

"ನೋಡ್ದೇನೇ ರಾಣಿ? ನಮ್ಮಪ್ಪಂದೂ ಕಿತ್ತೆ. ಈಗ ನೀನ್ ಕೀಳು."

ರಾಣಿ ಕೀಳಲಿಲ್ಲ. ಮಣ್ಣಿನಲ್ಲಿ ಬಿದ್ದ ಓಲೆಯನ್ನು ಹುಡುಕಿ ಎತ್ತಿಕೊಂಡು ಹೊರಟುಹೋದಳು. ಅವಳ ತಾಯಿಯ ಕಳ್ಳಿಯನ್ನು ಬೇರೆ ಮಕ್ಕಳು ಕಿತ್ತರು. ಮಧ್ಯಾಹ್ನದ ಹೊತ್ತಿಗೆ ದಿಬ್ಬ ಬೋಳಾಯಿತು. ಸರ್ಕಾರಿ ಹೈಸ್ಕೂಲಿನ ಮಕ್ಕಳ ಕೈಯೆಲ್ಲ ರಕ್ತ. ಕಾನ್ವೆಂಟಿನ ಮಕ್ಕಳು ಸಸಿ ಹಿಡಿದು ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿದರು. ಹತ್ತುವ ಮೊದಲು ಒಬ್ಬ ಹುಡುಗ ತನ್ನ ಗ್ಲೌಸು ಬಿಚ್ಚಿ ಇವರ ಕಡೆ ಎಸೆದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಎಸೆದ. ಯಾರೂ ಎತ್ತಿಕೊಳ್ಳಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಕೇರಿ ನುಂಗಿಕೊಳ್ಳುತ್ತಿತ್ತೋ ಏನೋ. ನುಂಗಿ ಅಭ್ಯಾಸ ಇರುವ ಜನ. ಆದರೆ ಮುಂದಿನ ವಾರ ಜೆಸಿಬಿ ಬಂತು. ಕಳ್ಳಿಯ ಬೇರು ಉಳಿದರೆ ಮತ್ತೆ ಚಿಗುರುತ್ತದಂತೆ, ಮಣ್ಣನ್ನೇ ತಿರುವಿ ಹಾಕಬೇಕಂತೆ. ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತು ನೋಡಿ ಬಂತು. ವನಿತಾ ಕ್ಲಾಸಿನಲ್ಲಿದ್ದಳು. ಸುದ್ದಿ ತಿಳಿದು ಸೀಮೆಸುಣ್ಣದ ಕೈಯಲ್ಲೇ ಓಡಿದಳು. ಅಷ್ಟರಲ್ಲಿ ಅರ್ಧ ದಿಬ್ಬ ಸಪಾಟಾಗಿತ್ತು. ಬಕೆಟ್ಟಿನ ಹಲ್ಲಿಗೆ ಸಿಕ್ಕಿಕೊಂಡು ಹರಕು ಬಟ್ಟೆ ನೇತಾಡುತ್ತಿತ್ತು. ಮಣ್ಣಿನ ಗುಡ್ಡೆಯಲ್ಲಿ ಗಾಜಿನ ಬಳೆಯ ಚೂರು, ಕಾಲಿನ ಮೂಳೆ, ಹಲ್ಲಿದ್ದ ದವಡೆ. ಯಾರ ಬಳೆ ಯಾರ ದವಡೆಯೋ, ಎಲ್ಲ ಕಲಸಿಹೋಗಿತ್ತು.

ರಾಣಿಯ ಅಜ್ಜಿ ಮುನಿನಾರಾಯಣಮ್ಮ ಜೆಸಿಬಿಯ ಮುಂದೆ ಮಣ್ಣಿನಲ್ಲಿ ಬಿದ್ದು ಹೊರಳಾಡುತ್ತಿದ್ದಳು. ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಹೆಣವನ್ನು ತಿಪ್ಪೆ ಮಾಡಿ, ಬದುಕಿರುವವಳಿಗೆ ಹಾರ್ನ್ ಹೊಡೆಯುತ್ತಿದ್ದ.

ವನಿತಾ ಸೇತುರಾಮನಿಗೆ ಫೋನು ಮಾಡಿದಳು.

"ಛೆ ಛೆ, ಡ್ರೈವರ್ ತಪ್ಪು ಮಾಡಿದಾನೆ," ಅಂದ ಸೇತುರಾಮ. "ಆಗಿದ್ದು ಆಗೋಯ್ತಲ್ಲಮ್ಮಾ. ಈಗ ನೀವು ಗಲಾಟೆ ಎಬ್ಬಿಸಿದ್ರೆ ಲಾಭ ಯಾರಿಗೆ? ಆ ಸೈಟ್ ಕಳ್ಳರಿಗೆ. ಸ್ವಲ್ಪ ಮೆಚ್ಯೂರ್ ಆಗಿ ಯೋಚನೆ ಮಾಡಿ."

ಅವಳು ಮೆಚ್ಯೂರ್ ಆಗಿ ಯೋಚನೆ ಮಾಡಿದಳು. ಮೂಳೆಗಳನ್ನು ತನ್ನ ಸೆರಗಿನಲ್ಲಿ ಆಯ್ದು ಒಂದು ಗುಂಡಿಯಲ್ಲಿ ಮುಚ್ಚಿದಳು. ಸಂಜೆ ಕೇರಿಗೆ ಹೋದಾಗ ಅವಳ ಮುಖ ಕಂಡ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಮುನಿಆಂಜಿನಪ್ಪ ಮಾತ್ರ ಜಗಲಿಯ ಮೇಲಿದ್ದ. ಅವನು ಅವಳ ಕಾಲ ಹತ್ತಿರ ಉಗಿದ.

ಉಳಿದರ್ಧ ದಿಬ್ಬವೂ ಸಪಾಟಾಯಿತು. ಅದರ ಸುತ್ತ ಕಬ್ಬಿಣದ ಬೇಲಿ ಬಂತು, ಗೇಟು ಬಂತು, ಬೀಗ ಬಂತು. 'ಜೀವವೈವಿಧ್ಯ ಕಲಿಕಾ ವನ' ಎಂದು ಬೋರ್ಡು ಬಂತು. ಸೆಕ್ಯೂರಿಟಿ ಎಂದು ಜಗನ್ ಎಂಬವನೂ ಅವನ ಕೈಕೆಳಗೆ ಮೂವರೂ ಬಂದರು. ಹಬ್ಬಕ್ಕೆ ಎಡೆ ಇಡಲು ಹೋದ ಹೆಂಗಸರನ್ನು ಅವನು, "ಪ್ಲಾಸ್ಟಿಕ್ ಒಳಗಡೆ ಬಿಡಲ್ಲ, ಅನ್ನ ಚೆಲ್ಲಂಗಿಲ್ಲ, ಇಲಿ ಬರುತ್ತೆ," ಎಂದು ವಾಪಸು ಅಟ್ಟಿದ.

ಉದ್ಘಾಟನೆಯ ಹಿಂದಿನ ದಿನ ಮುನಿನಾರಾಯಣಮ್ಮ ಸತ್ತಳು. ಜೆಸಿಬಿ ಬಂದ ದಿನದಿಂದ ಅನ್ನ ಬಿಟ್ಟಿದ್ದಳು. ವಯಸ್ಸಾಗಿತ್ತು ಎಂದರು ಆಚೆಯವರು. ಕೇರಿ ಹಾಗೆ ಅನ್ನಲಿಲ್ಲ.

ಸಂಜೆ ಮುನಿಆಂಜಿನಪ್ಪ ವನಿತಾಳ ಬಾಗಿಲಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ.

"ನಾನ್ ಇರ್ತೀನಿ ಅಂತ ನೀನ್ ಅಂದಿದ್ದೆ. ಬೆಳಗ್ಗೆ ಬೀಗ ತೆಗ್ಸು."

ಅವನ ಎದುರಿಗೇ ಸೇತುರಾಮನಿಗೆ ಫೋನು ಹಚ್ಚಿದಳು. ಅವನು ಬಲು ಮರುಕದಿಂದ ಮಾತಾಡಿದ. ನಾಳೆ ಹೇಗಮ್ಮಾ ಸಾಧ್ಯ, ಚೀಫ್ ಗೆಸ್ಟ್ ಬರ್ತಿದಾರೆ, ಮಕ್ಕಳು ಇರ್ತಾರೆ, ಮಕ್ಕಳ ಎದುರಿಗೆ ಹೆಣವೇ ಎಂದ. ಹೆಬ್ಬಾಳದಲ್ಲಿ ಕರೆಂಟಿನ ಒಲೆ ಇದೆ, ವ್ಯಾನು ನಾನೇ ಕಳಿಸ್ತೀನಿ ಎಂದ. ಇನ್ನು ಮೇಲೆ ಅಲ್ಲಿ ಹೂಳೋದು ಬೇಡ, ನೀರಿನ ಮೂಲ ಕೆಡುತ್ತೆ ಎಂದೂ ಸೇರಿಸಿದ.

"ಇನ್ಮೇಲೆ ಅಂದ್ರೆ?" ವನಿತಾ ಕೇಳಿದಳು.

"ಇನ್ಮೇಲೆ ಅಂದ್ರೆ ಇನ್ಮೇಲೆ. ಅದು ಈಗ ಫಾರೆಸ್ಟು ಅಲ್ವೇನಮ್ಮಾ."

ಸ್ಪೀಕರಿನಲ್ಲಿ ಮುನಿಆಂಜಿನಪ್ಪ ಎಲ್ಲವನ್ನೂ ಕೇಳಿಸಿಕೊಂಡ. "ನಮ್ಮೋರ್ನ ಸುಡಲ್ಲ ಕಣಮ್ಮ. ಸುಟ್ರೆ ನಾಳೆ ಎಡೆ ಎಲ್ಲಿಗ್ ಇಡೋದು?" ಅಂದ. ಹೋಗುತ್ತ ಹೋಗುತ್ತ ನಿಂತು ಹೇಳಿದ, "ಬೆಳಗ್ಗೆ ತರ್ತೀವಿ. ನೀನ್ ಯಾವ್ ಕಡೆ ನಿಂತ್ಕೊಂತೀಯೋ ನಿಂತ್ಕೊ."

ಅವಳು ಗೇಟಿನ ಒಳಗಡೆ ನಿಂತುಕೊಂಡಳು. ಬೇರೆ ಏನು ಮಾಡಿಯಾಳು? ಹೆಡ್‌ಮಾಸ್ಟರು, ಮಕ್ಕಳ ಜೊತೆ ನೀವಿರಲೇಬೇಕು ಎಂದು ತಾಕೀತು ಮಾಡಿದ್ದರು. ದಿಬ್ಬದ ಮೇಲೆ ಶಾಮಿಯಾನ, ಕುರ್ಚಿ, ಮೈಕು. ಹಸಿರು ಟೀ ಷರ್ಟು ಹಾಕಿದ ಮಕ್ಕಳ ಸಾಲು. ಸಾಲಿನ ಮುಂದೆ ಉದ್ದಕ್ಕೆ ತೋಡಿದ ಮೊಣಕಾಲುದ್ದದ ಕಾಲುವೆ, ಗಿಡಗಳನ್ನು ಒತ್ತೊತ್ತಾಗಿ ನೆಡಲು. ಸಾಲಿನಲ್ಲಿ ರಾಣಿ ಇರಲಿಲ್ಲ. ಅವಳು ಬೇಲಿಯಾಚೆ, ಅಜ್ಜಿಯ ಚಟ್ಟದ ಮುಂದೆ ಬೆಂಕಿಯ ಮಡಕೆ ಹಿಡಿದು ಬರುತ್ತಿದ್ದಳು. ಗಂಡುಮಕ್ಕಳಿಲ್ಲದ ಮನೆ.

ತಮಟೆ ಗೇಟಿನ ಹತ್ತಿರ ಬಂದು ನಿಂತಿತು.

"ಏಯ್, ವಾಪಸ್ ಹೋಗ್ರೋ. ಹೇಳಿದ್ದು ಅರ್ಥ ಆಗಲ್ವಾ?" ಜಗನ್ ಲಾಠಿ ಹಿಡಿದು ಗೇಟಿನ ಚಿಲಕ ತೆಗೆದು ಹೊರಗೆ ಹೋದ. ಉಳಿದ ಮೂವರೂ ಹೋದರು. ಒಬ್ಬ ಹೋಗುವಾಗ ಹೊರಗಿನಿಂದ ಬೀಗ ಹಾಕಿದ. ಒಳಗೆ ಮಕ್ಕಳಿದ್ದರಲ್ಲ, ಅವರ ಭದ್ರತೆಗೆ.

"ಬೀಗ ತೆಗಿಯಪ್ಪ. ಮಣ್ಣು ಮಾಡಿ ಓಯ್ತೀವಿ," ಅಂದ ಮುನಿಆಂಜಿನಪ್ಪ. ಅವನು ಚಟ್ಟಕ್ಕೆ ಹೆಗಲು ಕೊಟ್ಟಿದ್ದ.

ಲಾಠಿ ಅವನ ಹೆಗಲಿನ ಮೇಲೇ ಬಿತ್ತು. ಮೂಳೆ ಮುರಿದ ಸದ್ದು ಒಳಗೆ ನಿಂತ ವನಿತಾಗೂ ಕೇಳಿಸಿತು. ಚಟ್ಟ ಓರೆಯಾಯಿತು. ಮುನಿನಾರಾಯಣಮ್ಮ ಜಾರಿ ತಲೆಕೆಳಗಾಗಿ ಟಾರು ರೋಡಿಗೆ ಬಿದ್ದಳು. ಬಾಯಿಗಿಟ್ಟ ಅಕ್ಕಿ ಚೆಲ್ಲಿತು. ಸತ್ತವಳ ತಲೆ ರೋಡಿಗೆ ಬಡಿದಾಗ ಬದುಕಿದ್ದವರೆಲ್ಲ ಒಂದು ಕ್ಷಣ ಕಲ್ಲಾದರು. ಆಮೇಲೆ ರಾಣಿ ಮಡಕೆಯನ್ನು ಜಗನ್ನನ ಎದೆಗೆ ಎಸೆದು ಅವನ ಕೈ ಕಚ್ಚಿ ಹಿಡಿದಳು. ಕೆಂಡ ಚೆಲ್ಲಾಡಿತು. ಅವನು ಇನ್ನೊಂದು ಕೈಯಿಂದ ಲಾಠಿಯ ಹಿಡಿಯನ್ನು ಅವಳ ಬಾಯಿಗೆ ಕುಟ್ಟಿದ. ಒಂದು ಸಲ ಅಲ್ಲ, ಹಿಡಿತ ಬಿಡುವ ತನಕ ಕುಟ್ಟಿದ. ಕೇರಿಯ ಹೆಂಗಸರು ಹೆಣದ ಮೇಲೆ ಬಿದ್ದು ಅದಕ್ಕೆ ಏಟು ತಾಗದಂತೆ ಮರೆಯಾದರು. ಏಟುಗಳು ಅವರ ಬೆನ್ನಿನ ಮೇಲೆ ಬಿದ್ದವು.

ಶಾಮಿಯಾನದಡಿ ಚೀಫ್ ಗೆಸ್ಟು ಎದ್ದು ನಿಂತ. ಸೇತುರಾಮ ಅವನನ್ನು ಕೂರಿಸಿ ವನಿತಾಳ ಹತ್ತಿರ ಓಡಿಬಂದ.

"ಮಿಸ್, ಮಕ್ಕಳ ಕೈಲಿ ಹಾಡು ಹೇಳಿಸಿ. ಜೋರಾಗಿ."

"ಸಾರ್?"

"ಹಾಡು ಹೇಳ್ಸೀಮ್ಮಾ. ಆ ಕಡೆ ಸದ್ದು ಕೇಳಬಾರದು."

ಪ್ರಿಯಂವದಾ ಆಗಲೇ ಮೈಕು ಹಿಡಿದಿದ್ದಳು. ಅವಳ ಮುಖವೂ ಬಿಳಿಚಿಕೊಂಡಿತ್ತು, ಆದರೂ ಹಾಡು ಎತ್ತಿಕೊಟ್ಟಳು. ಮಕ್ಕಳು ಹಾಡಿದರು. ಹಕ್ಕಿ ಬೇಕು, ಹುಳುವೂ ಬೇಕು, ಎಲ್ಲ ಜೀವ ಬೇಕು. ಹಾಡುವವರಲ್ಲಿ ಕೇರಿಯ ಮಕ್ಕಳಿದ್ದರು. ಹೊರಗೆ ಏಟು ತಿನ್ನುತ್ತಿದ್ದವರಲ್ಲಿ ಅವರ ತಾಯಂದಿರಿದ್ದರು. ಮಕ್ಕಳು ವನಿತಾಳ ಮುಖ ನೋಡುತ್ತ ಹಾಡಿದರು. ನಿಲ್ಲಿಸಿ ಎನ್ನುತ್ತಾಳೇನೋ ಎಂದು ಕಾಯುತ್ತ ಹಾಡಿದರು. ಕೆಲವರು ಅಳುತ್ತ ಹಾಡಿದರು. ಸೇತುರಾಮ ಚಪ್ಪಾಳೆ ತಟ್ಟಿ ತಾಳ ಹಾಕುತ್ತಿದ್ದ.

ವನಿತಾಗೆ ಸಿಟ್ಟು ಬಂತು. ತನ್ನ ಮೇಲಿನದು, ಆ ಚಪ್ಪಾಳೆಯ ಮೇಲಿನದು, ಕಾಗದದ ಲೋಟದ ಮೇಲಿನದು, ಎಲ್ಲ ಒಟ್ಟಿಗೇ ಬಂತು. ಕಾಲುವೆಯ ಪಕ್ಕ ಬಿದ್ದಿದ್ದ ಹಾರೆಯನ್ನು ಎತ್ತಿಕೊಂಡಳು.

ಸೇತುರಾಮ ಅವಳ ತೋಳು ಹಿಡಿದ. "ಏನಮ್ಮಾ ಇದು? ನಿಮ್ಮ ಪರ್ಮನೆಂಟ್ ವಿಷಯ ನಾನು ಮೇಲೆ ಮಾತಾಡಿದೀನಿ. ಹಾಳು ಮಾಡ್ಕೋಬೇಡಿ."

"ಕೈ ಬಿಡು," ಅಂದಳು.

ಅವನನ್ನು ಆ ಕೇರಿಯವರು ಯಾರೂ ಏಕವಚನದಲ್ಲಿ ಮಾತಾಡಿಸಿರಲಿಲ್ಲ. ಬಿಡಬೇಕೋ ಬೇಡವೋ ತಿಳಿಯದೆ ಹಿಡಿದೇ ನಿಂತ. ಅವಳು ನೂಕಿದಳು. ಬಿಳಿ ಶೂ ಮೇಲೆ, ಬಿಳಿ ಕೂದಲು ಕೆಳಗೆ ಮಾಡಿಕೊಂಡು ಕಾಲುವೆಗೆ ಬಿದ್ದ.

"ಮಕ್ಕಳ ಮುಂದೆ ಇದೆಲ್ಲ ಏನು ವನಿತಾ?" ಪ್ರಿಯಂವದಾ ಕಿರುಚಿದಳು.

"ಮಕ್ಕಳ ಕೈಲೇ ಮಾಡ್ಸಿದ್ರಲ್ಲ ಮೇಡಂ ಎಲ್ಲಾನೂ," ಅಂದಳು ವನಿತಾ. ಮಕ್ಕಳ ಕಡೆ ತಿರುಗಿ, "ಹಾಡು ಸಾಕು," ಅಂದಳು.

ಹಾಡು ನಿಂತಿತು. ಹೊರಗಿನ ಏಟುಗಳ ಸದ್ದು ಪೂರ್ತಿ ಒಳಗೆ ಬಂತು.

ಗೇಟಿನ ಸಂದಿಯಿಂದ ಹಾರೆ ತೂರಿಸಿ ಬೀಗದ ಕೊಂಡಿಗೆ ಹಾಕಿ ಮೀಟಿದಳು. ಬರಲಿಲ್ಲ. ಮೈಭಾರವನ್ನೆಲ್ಲ ಹಾಕಿ ಮೀಟಿದಳು. ಅಂಗೈಯಲ್ಲಿ ಉಳಿದು ಕೀವಾಗಿದ್ದ ಮುಳ್ಳಿನ ಗಾಯಗಳು ಒಡೆದವು. ಬೀಗ ಸಿಡಿಯಿತು. ಜಗನ್ ತಿರುಗಿ ನೋಡುವಷ್ಟರಲ್ಲಿ ಅವಳು ಹೊರಗಿದ್ದಳು. ಹಾರೆಯನ್ನು ಅಡ್ಡಡ್ಡ ಬೀಸಿ ಅವನ ಮೊಣಕಾಲಿಗೆ ಹೊಡೆದಳು. ಕಾಲು ಬಾಗಬಾರದ ಕಡೆಗೆ ಬಾಗಿತು. ಅವನು ನಾಯಿಯ ಹಾಗೆ ಊಳಿಡುತ್ತ ಕುಸಿದ. ಅವಳಿಗೆ ಅಯ್ಯೋ ಅನಿಸಲಿಲ್ಲ. ಅನಿಸಬೇಕಿತ್ತು ಎಂದು ನೀತಿ ಹೇಳುವವರು ಆ ರೋಡಿನ ಮೇಲೆ ಬಿದ್ದ ಅಕ್ಕಿಯನ್ನು ಒಂದು ಸಲ ನೋಡಿಕೊಂಡು ಬಂದು ಹೇಳಲಿ. ಇನ್ನೊಬ್ಬ ಸೆಕ್ಯೂರಿಟಿ ಅವಳ ತಲೆಗೆ ಹೊಡೆದ. ಹಣೆಯಿಂದ ರಕ್ತ ಇಳಿದು ಕಣ್ಣಿಗೆ ಹೋಯಿತು. ಅವನನ್ನು ಕೇರಿಯ ಹುಡುಗರು ನೋಡಿಕೊಂಡರು. ಉಳಿದಿಬ್ಬರು ಟೋಪಿ ಬಿಟ್ಟು ಓಡಿದರು.

ಚೀಫ್ ಗೆಸ್ಟಿನ ಕಾರು ಏರಿಯ ಮೇಲೆ ಧೂಳೆಬ್ಬಿಸಿ ಹೋಯಿತು. ಕಾನ್ವೆಂಟಿನ ಮಕ್ಕಳನ್ನು ಬಸ್ಸಿಗೆ ತುಂಬಿದರು. ಕೆಸರಾದ ಸೇತುರಾಮ ಫೋನಿನಲ್ಲಿ ಪೊಲೀಸರಿಗೆ ಹೇಳುತ್ತಿದ್ದ, ಮಾಬ್ ನುಗ್ಗಿದೆ, ಮಕ್ಕಳ ಜೀವಕ್ಕೆ ಅಪಾಯ ಇದೆ ಎಂದು.

ಮುನಿಆಂಜಿನಪ್ಪ ನೇತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ. "ಪೊಲೀಸ್ರು ಬರೋದ್ರೊಳ್ಗೆ ಮಣ್ಣು ಬೀಳ್ಬೇಕು," ಅಂದ. "ಪೂರ್ತಿ ಮುಚ್ಬುಟ್ರೆ ತಾಸಿಲ್ದಾರ್ ಹುಕುಂ ಇಲ್ದೆ ಎಣ ಎತ್ತಂಗಿಲ್ಲ. ಮುಚ್ಚಕ್ಕೆ ಮೊದ್ಲೇ ಬಂದ್ರೋ, ಎತ್ಕೊಂಡೋಗಿ ಸುಟ್ಬುಡ್ತಾರೆ. ಜಾಗ್ವೂ ಓಯ್ತು, ಅವ್ಳೂ ಓದ್ಳು."

ಅಗೆಯುವವರು ಬೇಕಿತ್ತು. ಕೇರಿಯ ಗಂಡಸರು ಕೆಲವರು ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ವನಿತಾ ಮಕ್ಕಳ ಕಡೆ ನೋಡಿದಳು. ಅಗೆಯಿರಿ ಎಂದು ಯಾವ ಮುಖ ಇಟ್ಟುಕೊಂಡು ಹೇಳಿಯಾಳು? ಅವರೇ ಗುದ್ದಲಿ ಎತ್ತಿಕೊಂಡು ಕಾಲುವೆಗೆ ಇಳಿದರು. ಹಸಿರು ಟೀ ಷರ್ಟಿನಲ್ಲೇ ಅಗೆದರು. ಜೆಸಿಬಿ ತಿರುವಿಹಾಕಿದ ಮಣ್ಣು, ಗುದ್ದಲಿ ಹಾಕಿದರೆ ಇಳಿಯುತ್ತಿತ್ತು. ಮೊಣಕಾಲುದ್ದದ್ದು ಸೊಂಟದುದ್ದ ಆಯಿತು, ಎದೆಯುದ್ದ ಆಯಿತು. ನೆಡಲು ಜೋಡಿಸಿಟ್ಟ ಸಸಿಗಳ ಮೇಲೆಲ್ಲ ಮಣ್ಣು ಬಿತ್ತು.

ಮುನಿನಾರಾಯಣಮ್ಮನನ್ನು ಇಳಿಸಿದರು. ಮುಖದ ಒಂದು ಪಕ್ಕ ಟಾರಿಗೆ ಉಜ್ಜಿ ಚರ್ಮ ಕಿತ್ತಿತ್ತು. ರಾಣಿ ತನ್ನ ಬಾಯಿಯ ರಕ್ತ ಒರೆಸಿಕೊಳ್ಳದೆ ಅಜ್ಜಿಯ ಮುಖ ಒರೆಸಿದಳು. ಮೊದಲ ಹಿಡಿ ಮಣ್ಣು ಹಾಕಿದಳು. ಅಷ್ಟರಲ್ಲಿ ಏರಿಯ ಮೇಲೆ ಜೀಪು ಕಾಣಿಸಿತು.

"ಎಳೀರೋ ಮಣ್ಣ," ಅಂದಳು ವನಿತಾ. ಹಾರೆ ಬಿಸಾಡಿ ಗೇಟಿನ ಕಡೆ ಓಡಿ, ಅದರ ಎರಡೂ ಬಾಗಿಲನ್ನು ಎಳೆದುಕೊಂಡು ಕಂಬಿಗಳ ನಡುವೆ ತೋಳು ಹೆಣೆದು ನಿಂತಳು. ಕೇರಿಯ ಹೆಂಗಸರು ಬಂದು ಅವಳ ಬೆನ್ನಿಗೆ ಒತ್ತಿ ನಿಂತರು. ಬೆಳಗಿನವರೆಗೂ ಅವಳ ಜೊತೆ ಮಾತು ಬಿಟ್ಟಿದ್ದವರು.

"ಯಾರಮ್ಮ ಬೀಗ ಒಡೆದಿದ್ದು?" ಇನ್‌ಸ್ಪೆಕ್ಟರ್ ಕೇಳಿದ.

"ನಾನು."

"ಬಿಡು ಗೇಟು."

"ಬಿಡಲ್ಲ."

"ಟೀಚರ್ ಅಂತೆ. ನಾಚಿಕೆ ಆಗಲ್ವಾ?"

"ಆಗುತ್ತೆ. ಅದಕ್ಕೇ ಬಿಡಲ್ಲ."

ಲಾಠಿಗಳು ಕಂಬಿಯ ಸಂದಿಯಿಂದ ಬಂದವು. ಮೊಣಕೈಗೆ, ಬೆರಳಿಗೆ, ಪಕ್ಕೆಗೆ. ಬೆರಳು ಜಜ್ಜಿದರೆ ಹಿಡಿತ ಬಿಡುತ್ತದೆ ಎಂದು ಅವರಿಗೆ ಗೊತ್ತು. ಒಂದು ಬೆರಳು ಮುರಿಯಿತು. ಅವಳು ತೋಳಿನಿಂದ ಹಿಡಿದುಕೊಂಡಳು. ಹಿಂದೆ ಗುದ್ದಲಿಗಳ ಸದ್ದು, ಮಕ್ಕಳ ಏದುಸಿರು. ಅವಳು ತಿರುಗಿ ನೋಡಲಿಲ್ಲ. ಹೆಂಗಸೊಬ್ಬಳು ಅವಳ ಕಿವಿಯಲ್ಲಿ, "ಎದೆ ಮುಚ್ತು ಕಣಮ್ಮ," ಅಂದಳು. ಆಮೇಲೆ, "ಮುಖ ಮುಚ್ತು." ಆಮೇಲೆ ಯಾರೋ, "ದಿಣ್ಣೆ ಬಂತು," ಅಂದರು.

ಆಗ ವನಿತಾ ಕೈ ಬಿಟ್ಟಳು. ಪೊಲೀಸರು ಅವಳ ಮೇಲೇ ಹಾಯ್ದು ಒಳಗೆ ನುಗ್ಗಿದರು. ಮಕ್ಕಳು ಗುದ್ದಲಿ ಕೆಳಗಿಟ್ಟು ಹೊಸ ಮಣ್ಣಿನ ಸುತ್ತ ನಿಂತಿದ್ದರು.

"ಅಗೆದು ತೆಗೀರಿ," ಅಂದ ಸೇತುರಾಮ.

"ಆಗಲ್ಲ ಸಾರ್," ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬ ಇನ್‌ಸ್ಪೆಕ್ಟರಿಗೆ ಹೇಳಿದ. "ಮುಚ್ಚಿಬಿಟ್ಟವ್ರೆ. ಇನ್ನು ತಹಸೀಲ್ದಾರ್ ಬರ್ಬೇಕು. ಬಂದ್ರೆ ಇದು ಸ್ಮಶಾನ ಅಂತ ಬರ್ಕೋಬೇಕಾಗುತ್ತೆ."

ಸೇತುರಾಮ ಫೋನು ಜೇಬಿಗೆ ಹಾಕಿಕೊಂಡು ಹಿಂದೆ ಸರಿದ. ಇನ್‌ಸ್ಪೆಕ್ಟರ್ ಸಿಟ್ಟಿಗೆ ವನಿತಾಳ ಜುಟ್ಟು ಹಿಡಿದು ಎಬ್ಬಿಸಲು ಹೇಳಿದ. ಮಹಿಳಾ ಪೇದೆ ಎಬ್ಬಿಸಿ ಎಳೆದಳು. ಅವಳ ಸೆರಗು ಮಣ್ಣಿನಲ್ಲಿ ಎಳೆದುಕೊಂಡು ಬಂತು. ಕೇರಿಯ ಹೆಂಗಸರು ಜೀಪಿನ ಸುತ್ತ ನೆರೆದು ಎದೆ ಬಡಿದುಕೊಂಡರು. ಮುನಿಆಂಜಿನಪ್ಪ ಜೀಪಿನ ಕಂಬಿ ಹಿಡಿದು, "ನೀನ್ ಇದ್ದೆ ಕಣಮ್ಮ," ಅಂದ. ಅವಳಿಗೆ ಆ ಒಂದು ಮಾತು ಸಾಕಿತ್ತು. ಕೆಲಸ ಹೋಯಿತು, ಜೈಲಾಗಬಹುದು, ಆಗಲಿ ಅಂದುಕೊಂಡಳು. ರಕ್ತದ ಮುಖದಲ್ಲೇ ನಗಲು ನೋಡಿದಳು.

ಹಿಂದಿನಿಂದ ರಾಣಿ ಬಂದಳು. ತುಟಿ ಸೀಳಿತ್ತು, ಎದುರಿನ ಹಲ್ಲು ಹೋಗಿತ್ತು, ಮಾತು ತೊದಲುತ್ತಿತ್ತು.

"ಮಿಸ್."

"ಹೇಳೇ."

"ಅಜ್ಜಿ ಸಾಯೋ ಮುಂಚೆ ಒಂದ್ ಮಾತು ಹೇಳಿದ್ರು. ನನ್ ಮಗಳ ಪಕ್ಕದಾಗೇ ಮಲಗಿಸಿ ಅಂತ."

ಜೀಪು ಸ್ಟಾರ್ಟ್ ಆಯಿತು. ರಾಣಿ ಅದರ ಜೊತೆ ನಾಲ್ಕು ಹೆಜ್ಜೆ ಓಡಿಬಂದಳು.

"ನಮ್ಮಮ್ಮ ಎಲ್ಲವ್ಳೆ ಅಂತ ನಿಮಗಾದ್ರೂ ಗೊತ್ತಾ ಮಿಸ್?"

ವನಿತಾ ಬೋಳು ದಿಬ್ಬದ ಕಡೆ ನೋಡಿದಳು. ಎಲ್ಲ ಒಂದೇ ಮಣ್ಣಾಗಿತ್ತು. ಅವಳಪ್ಪ ಎಲ್ಲಿದ್ದಾನೆ ಎಂದೂ ಅವಳಿಗೆ ಗೊತ್ತಾಗಲಿಲ್ಲ. ಜೀಪು ಕೋಗಿಲು ರಸ್ತೆಗೆ ತಿರುಗಿತು.